ಹೊಗಳಿದರೆ 11, ಹೊಡೆದರೆ 14: ಈ ಲೆಕ್ಕದಲ್ಲಿ ತಪ್ಪೆಲ್ಲಿದೆ?

ಪ್ರಶ್ನೆ: ನಾನು ರಾಣೆಬೆನ್ನೂರಿನವನು. ಬೀಜ, ಗೊಬ್ಬರದ ಅಂಗಡಿ ಇದೆ. ಮಗ ಐದನೇ ತರಗತಿ. ಗಣಿತದಲ್ಲಿ ಬಹಳ ಹಿಂದೆ. ನಾನು ಅಂಗಡಿ ಮುಚ್ಚಿ ಮನೆಗೆ ಬರುವಾಗ ಎಂಟೂವರೆ. ಕೈಕಾಲು ತೊಳೆದು ಅವನನ್ನು ಕೂರಿಸಿಕೊಳ್ಳುತ್ತೇನೆ. ಮೊದಲು ಸಮಾಧಾನವಾಗೇ ಹೇಳಿಕೊಡುತ್ತೇನೆ. ಹತ್ತು ನಿಮಿಷಕ್ಕೆ ಸಿಟ್ಟು ನೆತ್ತಿಗೇರುತ್ತದೆ. 612ನ್ನು 6ರಿಂದ ಭಾಗಿಸು ಅಂದರೆ ಹತ್ತು ಸಲ ಹೇಳಿದರೂ ಉತ್ತರ 12 ಅಂತಲೇ ಬರೆಯುತ್ತಾನೆ. ಕೈ ಎತ್ತುತ್ತೇನೆ. ಒಮ್ಮೆ ಸ್ಕೇಲಿನಲ್ಲಿ ಹೊಡೆದು ತೋಳಿನ ಮೇಲೆ ಬಾಸುಂಡೆ ಬಂತು. ಹೆಂಡತಿ ಎರಡು ದಿನ ಮಾತು ಬಿಟ್ಟಳು. ನಮ್ಮ ಅವ್ವ ನಡುವೆ ಬಂದು ಅವನನ್ನು ಎಳೆದುಕೊಂಡು ಹೋಗುತ್ತಾಳೆ. ಈಗ ಹೊಸದೊಂದು ಶುರುವಾಗಿದೆ. ಹೋಂವರ್ಕ್ ಇಲ್ಲ ಅಂತ ಸುಳ್ಳು ಹೇಳುತ್ತಾನೆ. ಕಳೆದ ವಾರ ಡೈರಿ ತೆಗೆದು ನೋಡಿದರೆ ನನ್ನ ಸಹಿಯನ್ನು ಅವನೇ ಹಾಕಿದ್ದಾನೆ. ಎಲ್ಲರೂ 'ಹೊಗಳಿ ನೋಡಿ' ಅನ್ನುತ್ತಾರೆ. ಅದನ್ನೂ ಮಾಡಿದೆ. ಒಂದು ಟೆಸ್ಟಿನಲ್ಲಿ 20ಕ್ಕೆ 16 ತಂದ. ಶಭಾಷ್ ಅಂದು ಬ್ಯಾಟ್ ಕೊಡಿಸಿದೆ. ಮುಂದಿನ ಟೆಸ್ಟಿಗೆ 11. ಅದರ ಮುಂದಿನದು 8. ಚೆನ್ನಾಗಿ ಬಾರಿಸಿದೆ. ಆಮೇಲೆ 14 ಬಂತು! ನಮ್ಮ ಮೇಷ್ಟ್ರು ಹುಣಸೆ ಬರಲಿನಲ್ಲಿ ಹೊಡೆದೇ ನನಗೆ ಮಗ್ಗಿ ಕಲಿಸಿದ್ದು. ಅವನ ಟೀಚರಿಗೂ 'ನಾಲ್ಕು ಬಿಗೀರಿ ಮೇಡಂ, ನಾವೇನೂ ಅನ್ನಲ್ಲ' ಅಂತ ಹೇಳಿ ಬಂದಿದ್ದೇನೆ. ಅಂಗಡಿಯ ಹುಡುಗರಿಗೆ ಕೆಲಸ ಕಲಿಸುವಾಗ ನನಗೆ ಇಷ್ಟು ಸಿಟ್ಟು ಬರುವುದಿಲ್ಲ. ಮಗನ ಮುಂದೆ ಕೂತರೆ ಮಾತ್ರ ಹೀಗೆ. ನಾನು ಮಾಡುತ್ತಿರುವುದು ತಪ್ಪಾ? ತಪ್ಪಾದರೆ ಹೊಡೆದಾಗ ಅಂಕ ಯಾಕೆ ಜಾಸ್ತಿ ಆಗುತ್ತೆ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. ಇಪ್ಪತ್ತೆರಡು ವರ್ಷದಿಂದ ಮಕ್ಕಳ ಆಪ್ತಸಮಾಲೋಚನೆ ಮಾಡುತ್ತಿದ್ದೇನೆ. ಹೊಡೆದದ್ದನ್ನು ಒಪ್ಪಿಕೊಳ್ಳುವ ಅಪ್ಪಂದಿರೇ ಕಡಿಮೆ. ಒಪ್ಪಿಕೊಂಡು, ಅಂಕಗಳ ಪಟ್ಟಿಯನ್ನೂ ಕೊಟ್ಟು, 'ಈಗ ಹೇಳಿ' ಅಂದವರು ನೀವೇ ಮೊದಲು. ಹಾಗಾಗಿ ಉಪದೇಶ ಬದಿಗಿಡೋಣ. ಲೆಕ್ಕದಿಂದಲೇ ಶುರು ಮಾಡೋಣ.

ನಿಮ್ಮ ಮಗನ ನಾಲ್ಕು ಅಂಕ ಹೀಗಿವೆ: 16, 11, 8, 14. ಕೂಡಿಸಿ ನಾಲ್ಕರಿಂದ ಭಾಗಿಸಿದರೆ ಹನ್ನೆರಡೂ ಕಾಲು. ಅಂದರೆ ಸದ್ಯಕ್ಕೆ ಅವನು ಹನ್ನೆರಡರ ಆಸುಪಾಸಿನ ಹುಡುಗ. ಒಂದು ದಿನ ಗೊತ್ತಿದ್ದ ಲೆಕ್ಕಗಳೇ ಬಂದವು, 16 ಆಯಿತು. ಇನ್ನೊಂದು ದಿನ ಹಿಂದಿನ ರಾತ್ರಿ ನಿದ್ದೆ ಇರಲಿಲ್ಲ, ಬರೀ ಭಾಗಾಕಾರವೇ ಬಂತು, 8 ಆಯಿತು. ತುಂಬಾ ಮೇಲೆ ಹೋದದ್ದು ಮುಂದಿನ ಸಲ ಕೆಳಗೆ ಬರುವುದೇ ಜಾಸ್ತಿ. ತುಂಬಾ ಕೆಳಗೆ ಬಿದ್ದದ್ದು ಮುಂದಿನ ಸಲ ಮೇಲೆ ಬರುವುದೇ ಜಾಸ್ತಿ. ನೀವು ಏನೂ ಮಾಡದೆ ಸುಮ್ನೆ ಇದ್ದಿದ್ದರೂ ಸುಮಾರಾಗಿ ಹೀಗೇ ಆಗುತ್ತಿತ್ತು.

ಈಗ ನೀವು ಯಾವಾಗ ಹೊಗಳಿದಿರಿ ನೋಡಿ. 16 ಬಂದಾಗ. ಅಂದರೆ ಕೆಳಗೆ ಇಳಿಯುವ ಮುಂಚೆ. ಯಾವಾಗ ಹೊಡೆದಿರಿ? 8 ಬಂದಾಗ. ಅಂದರೆ ಮೇಲೆ ಏರುವ ಮುಂಚೆ. ಏರುವುದು ಏರುತ್ತಿತ್ತು, ಅದರ ಹೆಸರು ನಿಮ್ಮ ಸ್ಕೇಲಿಗೆ ಬಂತು. ಇಳಿಯುವುದು ಇಳಿಯುತ್ತಿತ್ತು, ಅದರ ಅಪವಾದ ಪಾಪ ಬ್ಯಾಟಿಗೆ ಬಂತು.

ಇದೇ ಮೋಸಕ್ಕೆ ಒಳಗಾದವರಲ್ಲಿ ವಿಮಾನ ಹಾರಿಸುವುದನ್ನು ಕಲಿಸುವವರೂ ಇದ್ದಾರೆ. 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮನಃಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಹೇಳಿಕೊಂಡ ಪ್ರಸಂಗ ಇದು. ಅವರು ಒಮ್ಮೆ ಇಸ್ರೇಲಿನ ವಾಯುಪಡೆಯ ತರಬೇತುದಾರರಿಗೆ ಪಾಠ ಮಾಡುತ್ತಿದ್ದರು. ಬೈಯುವುದಕ್ಕಿಂತ ಹುರಿದುಂಬಿಸುವುದೇ ಮೇಲು ಅಂದರು. ಅನುಭವಿ ತರಬೇತುದಾರರೊಬ್ಬರು ಎದ್ದು ನಿಂತು ಥೇಟ್ ನಿಮ್ಮ ಮಾತೇ ಆಡಿದರು. ಚೆನ್ನಾಗಿ ಹಾರಿಸಿದವನನ್ನು ಹೊಗಳಿದರೆ ಮುಂದಿನ ಸಲ ಕೆಡಿಸುತ್ತಾನೆ, ಕೆಟ್ಟದಾಗಿ ಹಾರಿಸಿದವನಿಗೆ ಬೈದರೆ ಮುಂದಿನ ಸಲ ಸುಧಾರಿಸುತ್ತಾನೆ, ನೀವು ಹೇಳುವುದು ತಪ್ಪು ಎಂದು. ಕಾನೆಮನ್ ವಾದಕ್ಕೆ ಇಳಿಯಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಗುರಿ ಬರೆದರು. ಒಬ್ಬೊಬ್ಬರೂ ಅದಕ್ಕೆ ಬೆನ್ನು ಮಾಡಿ ನಿಂತು, ಹಿಂದಕ್ಕೆ ಎರಡು ಸಲ ನಾಣ್ಯ ಎಸೆಯಬೇಕು. ಯಾರೂ ಹೊಗಳಲಿಲ್ಲ, ಯಾರೂ ಬೈಯಲಿಲ್ಲ. ಆದರೂ ಮೊದಲ ಸಲ ಗುರಿಯ ಹತ್ತಿರ ಎಸೆದವರಲ್ಲಿ ಹೆಚ್ಚಿನವರು ಎರಡನೇ ಸಲ ದೂರ ಎಸೆದರು. ಮೊದಲು ದೂರ ಎಸೆದವರಲ್ಲಿ ಹೆಚ್ಚಿನವರು ಎರಡನೇ ಸಲ ಹತ್ತಿರ ಬಂದರು.

ಭಾನುವಾರ ನೀವೂ ಮಗನೂ ಇದನ್ನು ಆಡಿ ನೋಡಿ. ಹಜಾರದಲ್ಲಿ ಒಂದು ಪಾತ್ರೆ ಇಟ್ಟು, ಬೆನ್ನು ತಿರುಗಿಸಿ ಹುಣಸೆ ಬೀಜ ಎಸೆಯಿರಿ. ಅಮ್ಮ, ಅಜ್ಜಿಯನ್ನೂ ಸೇರಿಸಿಕೊಳ್ಳಿ. ಆಟದ ಆಟ ಆಯಿತು, ನನ್ನ ಮಾತು ನಿಜವೋ ಸುಳ್ಳೋ ಅದೂ ಗೊತ್ತಾಯಿತು.

ಹಾಗಾದರೆ ಹೊಡೆತ ಏನೂ ಮಾಡುವುದಿಲ್ಲವೇ? ಮಾಡುತ್ತದೆ. ಆ ಗಳಿಗೆಯಲ್ಲಿ ನಡೆಯುತ್ತಿರುವುದನ್ನು ನಿಲ್ಲಿಸುತ್ತದೆ. ಮಗು ಕುಣಿಯುವುದು ನಿಲ್ಲುತ್ತದೆ, ಮಾತು ನಿಲ್ಲುತ್ತದೆ. ಅದಕ್ಕೇ ನಮಗೆ ಅದರ ಮೇಲೆ ಅಷ್ಟು ನಂಬಿಕೆ. ಆದರೆ ಭಾಗಾಕಾರ ನಿಲ್ಲಿಸುವ ಕೆಲಸ ಅಲ್ಲ, ಶುರು ಮಾಡುವ ಕೆಲಸ. ಹೆದರಿಸಿ ಬಾಯಿ ಮುಚ್ಚಿಸಬಹುದು, ಹೆದರಿಸಿ ಸೊನ್ನೆಯ ಜಾಗ ತಿಳಿಸಲು ಆಗುವುದಿಲ್ಲ.

ಯಾಕೆ ಆಗುವುದಿಲ್ಲ ಅಂದರೆ, ಭಾಗಾಕಾರ ಮಾಡುವಾಗ ಮಗು ಮೂರು ನಾಲ್ಕು ವಿಷಯ ಒಟ್ಟಿಗೆ ತಲೆಯಲ್ಲಿ ಹಿಡಿದುಕೊಂಡಿರಬೇಕು. ಎಷ್ಟನೇ ಮಗ್ಗಿ, ಎಷ್ಟು ಉಳಿಯಿತು, ಯಾವ ಅಂಕಿ ಇಳಿಸಬೇಕು, ಎಲ್ಲಿ ಬರೆಯಬೇಕು. ಹಾಗೆ ಹಿಡಿದುಕೊಳ್ಳುವ ಜಾಗ ತಲೆಯಲ್ಲಿ ಇರುವುದೇ ಸ್ವಲ್ಪ. ಹೆದರಿಕೆ ಬಂದು ಆ ಜಾಗದಲ್ಲಿ ಕೂತರೆ ಮಗ್ಗಿಗೆ ಜಾಗ ಇಲ್ಲ. ಕಳೆದ ವರ್ಷ ಒಬ್ಬ ಹುಡುಗ ಅಪ್ಪನ ಜೊತೆ ನನ್ನ ಕೋಣೆಗೆ ಬಂದಿದ್ದ. ಚೂಟಿ ಹುಡುಗ. ಏಳೆಂಟಲೆ ಎಷ್ಟು ಅಂತ ಕೇಳಿದೆ. ಅವನು ಯೋಚಿಸುತ್ತಿದ್ದ. ಅಷ್ಟರಲ್ಲಿ ಪಕ್ಕದಲ್ಲಿದ್ದ ಅಪ್ಪ ಮೀಸೆ ಸವರಿಕೊಳ್ಳಲು ಕೈ ಎತ್ತಿದರು, ಅಷ್ಟೇ. ಹುಡುಗ ಕುತ್ತಿಗೆ ಒಳಗೆಳೆದುಕೊಂಡು ಕಣ್ಣು ಮುಚ್ಚಿದ. ಅಪ್ಪನ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಅವರು ಬಹಳ ಹೊತ್ತು ಮಾತಾಡಲಿಲ್ಲ. ನಾನೂ ಏನೂ ಹೇಳಲಿಲ್ಲ. ಹೇಳುವುದು ಏನಿತ್ತು?

ನಿಮ್ಮ ಮಗನೂ ರಾತ್ರಿ ಎಂಟೂವರೆಗೆ ಪುಸ್ತಕ ನೋಡುತ್ತಿರುವುದಿಲ್ಲ. ನಿಮ್ಮ ಕೈ ನೋಡುತ್ತಿರುತ್ತಾನೆ.

ಸುಳ್ಳು ಮತ್ತು ಸಹಿಯ ವಿಷಯಕ್ಕೆ ಬರುತ್ತೇನೆ. ಇದನ್ನು ನೀವು 'ಹೊಸದೊಂದು ಶುರುವಾಗಿದೆ' ಎಂದು ಬೇರೆ ರೋಗ ಎನ್ನುವ ಹಾಗೆ ಬರೆದಿದ್ದೀರಿ. ಬೇರೆ ಅಲ್ಲ, ಅದೇ. ವಿಕ್ಟೋರಿಯಾ ತಲ್ವಾರ್ ಮತ್ತು ಕಾಂಗ್ ಲೀ ಎಂಬ ಸಂಶೋಧಕರು ಪಶ್ಚಿಮ ಆಫ್ರಿಕಾದ ಎರಡು ಶಾಲೆಗಳ ಮೂರು ನಾಲ್ಕು ವರ್ಷದ ಮಕ್ಕಳನ್ನು ಗಮನಿಸಿ 2011ರಲ್ಲಿ ಪ್ರಕಟಿಸಿದರು. ಒಂದು ಶಾಲೆಯಲ್ಲಿ ಕೋಲಿನ ಹೊಡೆತ, ಕಪಾಳಮೋಕ್ಷ, ಚಿವುಟುವುದು ಮಾಮೂಲು. ಇನ್ನೊಂದರಲ್ಲಿ ಇಲ್ಲ. ಎರಡೂ ಕಡೆ ಮಕ್ಕಳ ಹಿಂದೆ ಒಂದು ಆಟಿಕೆ ಇಟ್ಟು, ತಿರುಗಿ ನೋಡಬೇಡ ಅಂದು ಹೊರಗೆ ಹೋದರು. ಎರಡೂ ಶಾಲೆಯ ಮಕ್ಕಳು ತಿರುಗಿ ನೋಡಿದರು. ಮಕ್ಕಳಲ್ಲವೇ! ಆದರೆ 'ನೋಡಿದೆಯಾ?' ಎಂದು ಕೇಳಿದಾಗ ಹೊಡೆಯುವ ಶಾಲೆಯ ಮಕ್ಕಳು ಸುಳ್ಳು ಹೇಳಿದ್ದು ಜಾಸ್ತಿ. ಅಷ್ಟೇ ಅಲ್ಲ, ಆ ಸುಳ್ಳನ್ನು ಸಿಕ್ಕಿಬೀಳದ ಹಾಗೆ ನಿಭಾಯಿಸುವುದರಲ್ಲೂ ಅವರೇ ಮುಂದೆ. ನಿಮ್ಮ ಮಗ ನಿಮ್ಮ ಸಹಿ ಹಾಕಿದ್ದಾನಲ್ಲ, ಅದು ಅವನು ಕಷ್ಟಪಟ್ಟು ಕಲಿತ ವಿದ್ಯೆ. ಎಷ್ಟು ಸಲ ರಫ್ ಪುಸ್ತಕದಲ್ಲಿ ತಿದ್ದಿರಬೇಕು! ಕಲಿಯುವ ಶಕ್ತಿ ಅವನಿಗೆ ಇಲ್ಲ ಅನ್ನಬೇಡಿ.

ಇನ್ನು 'ನಮ್ಮ ಮೇಷ್ಟ್ರು ಹೊಡೆದೇ ಕಲಿಸಿದ್ದು' ಎನ್ನುವ ಮಾತು. ಇದನ್ನು ನನ್ನ ಕೋಣೆಯಲ್ಲಿ ವಾರಕ್ಕೆ ನಾಲ್ಕು ಸಲ ಕೇಳುತ್ತೇನೆ. ನಮ್ಮ ಕಡೆ 'ಛಡಿ ಛಂ ಛಂ, ವಿದ್ಯಾ ಘಂ ಘಂ' ಅನ್ನುವುದು ಗಾದೆಯೇ ಆಗಿಬಿಟ್ಟಿದೆ. ನಿಮ್ಮ ಮೇಷ್ಟ್ರ ಬಗ್ಗೆ ನನಗೆ ದೂರಿಲ್ಲ, ಅವರಿಗೆ ಅವರ ಮೇಷ್ಟ್ರು ಹೊಡೆದಿರುತ್ತಾರೆ. ಒಂದು ಕೆಲಸ ಮಾಡಿ. ಐದನೇ ತರಗತಿಯಲ್ಲಿ ನಿಮ್ಮ ಜೊತೆ ಇದ್ದವರ ಹೆಸರು ಒಂದೊಂದಾಗಿ ನೆನಪಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ತನಕ ಬಂದವರು ಎಷ್ಟು? ಏಟು ತಿಂದು ಕಂಪೌಂಡ್ ಹಾರಿ ಹೋದವನು, ಆಮೇಲೆ ಶಾಲೆಯ ಕಡೆ ತಲೆ ಹಾಕದವನು ಒಬ್ಬನಾದರೂ ಇದ್ದೇ ಇರುತ್ತಾನೆ. ಅವನಿಗೂ ಅದೇ ಬರಲು, ಅದೇ ಮೇಷ್ಟ್ರು. 'ನಾವು ಹೊಡೆಸಿಕೊಂಡು ಚೆನ್ನಾಗೇ ಆದೆವು' ಎಂದು ಹೇಳಲು ಉಳಿದವರು ಚೆನ್ನಾಗಿ ಆದವರು ಮಾತ್ರ. ಇನ್ನೊಂದು, ನಿಮಗೆ ಮಗ್ಗಿ ಬಂದದ್ದು ಬರಲಿನಿಂದಲೋ, ಅಂಗಡಿಯಲ್ಲಿ ದಿನಾ ನೂರು ಸಲ ಲೆಕ್ಕ ಮಾಡಿದ್ದರಿಂದಲೋ?

ಅಮೆರಿಕದ ಸಂಶೋಧಕರಾದ ಎಲಿಜಬೆತ್ ಗೆರ್ಶಾಫ್ ಮತ್ತು ಆಂಡ್ರೂ ಗ್ರೋಗನ್-ಕೇಲರ್ 2016ರಲ್ಲಿ 75 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಸುಮಾರು 1,60,000 ಮಕ್ಕಳ ಮಾಹಿತಿ ಅದು. ನೋಡಿದ್ದು ಬೆಲ್ಟು, ಕೋಲಿನ ಏಟಲ್ಲ. ಮನೆಯಲ್ಲಿ ಕೈಯಿಂದ ಕೊಡುವ ಏಟು, ನಾವು 'ಒಂದು ಏಟು' ಎನ್ನುತ್ತೇವಲ್ಲ, ಅದು. ಅಂಥ ಏಟು ತಿಂದ ಮಕ್ಕಳಲ್ಲಿ ಜಗಳಗಂಟತನ, ಮನಸ್ಸಿನ ತೊಂದರೆ, ಅಪ್ಪ ಅಮ್ಮನ ಜೊತೆ ಮುನಿಸು ಜಾಸ್ತಿ ಕಂಡಿತು. ಇಂಥ ಅಧ್ಯಯನಗಳಲ್ಲಿ ಏಟೇ ಕಾರಣ ಎಂದು ನೂರಕ್ಕೆ ನೂರು ಸಾಬೀತು ಮಾಡುವುದು ಕಷ್ಟ, ಅದನ್ನೂ ಹೇಳಿಬಿಡುತ್ತೇನೆ. ಆದರೆ ಏಟಿನಿಂದ ಒಳ್ಳೆಯದಾಯಿತು ಎನ್ನಲು ಅಲ್ಲಿ ಏನೂ ಸಿಗಲಿಲ್ಲ.

ಈಗ ನಿಮ್ಮ ಪರವಾಗಿ ಒಂದು ಮಾತು. ಹೊಗಳಿದರೆ ತಲೆಗೇರುತ್ತದೆ ಎನ್ನುವ ಹಿರಿಯರ ಮಾತು ಪೂರ್ತಿ ಸುಳ್ಳಲ್ಲ. ಮೊಬೈಲಿನಲ್ಲಿ ಬರುವ ಒಂದು ನಿಮಿಷದ ವಿಡಿಯೋಗಳು ಮಕ್ಕಳಿಗೆ ದಿನಾ 'ಸೂಪರ್, ನೀನೇ ಬೆಸ್ಟ್' ಅನ್ನಿ ಎಂದು ಹೇಳಿಕೊಡುತ್ತವೆ. ನನಗೆ ಅದು ಇಷ್ಟವಿಲ್ಲ. 1998ರಲ್ಲಿ ಕ್ಲಾಡಿಯಾ ಮುಲ್ಲರ್ ಮತ್ತು ಕರೋಲ್ ಡ್ವೆಕ್ ಎಂಬ ಮನಃಶಾಸ್ತ್ರಜ್ಞರು ಐದನೇ ತರಗತಿಯ ಮಕ್ಕಳ ಜೊತೆಗೇ ಒಂದು ಪ್ರಯೋಗ ಮಾಡಿದರು. ಒಂದಷ್ಟು ಮಕ್ಕಳಿಗೆ 'ನೀನು ಬಹಳ ಜಾಣ' ಅಂದರು. ಇನ್ನೊಂದಷ್ಟು ಮಕ್ಕಳಿಗೆ 'ಚೆನ್ನಾಗಿ ಪ್ರಯತ್ನ ಮಾಡಿದ್ದೀಯ' ಅಂದರು. ಆಮೇಲೆ ಕಷ್ಟದ ಒಗಟಿನಂಥ ಪ್ರಶ್ನೆ ಕೊಟ್ಟರು. ಜಾಣ ಅನ್ನಿಸಿಕೊಂಡವರಿಗೆ ಮುಂದುವರಿಸುವ ಉತ್ಸಾಹ ಕಡಿಮೆಯಾಯಿತು. ಎಷ್ಟು ಅಂಕ ಬಂತು ಅಂತ ಬೇರೆ ಮಕ್ಕಳಿಗೆ ಬರೆದು ತಿಳಿಸಿ ಅಂದಾಗ ಅವರಲ್ಲಿ ಹತ್ತಕ್ಕೆ ಸುಮಾರು ನಾಲ್ವರು ಇಲ್ಲದ ಅಂಕ ಬರೆದರು. ಜಾಣ ಎಂಬ ಪಟ್ಟ ಕಳೆದುಕೊಳ್ಳುವುದಕ್ಕಿಂತ ಸುಳ್ಳೇ ಮೇಲು ಅನ್ನಿಸಿತು ಅವರಿಗೆ. ಪ್ರಯತ್ನಕ್ಕೆ ಶಭಾಷ್ ಅನ್ನಿಸಿಕೊಂಡವರಲ್ಲಿ ಹಾಗೆ ಮಾಡಿದವರು ತೀರಾ ಕಡಿಮೆ.

ಆದ್ದರಿಂದ ನೀವು ಬ್ಯಾಟ್ ಕೊಡಿಸಿದ್ದು 'ಪ್ರೋತ್ಸಾಹ' ಅಲ್ಲ. 16ಕ್ಕೆ ಕೊಟ್ಟ ಬಹುಮಾನ. ಬಹುಮಾನ ಕೆಟ್ಟದ್ದು ಅಂತಲ್ಲ. ಆದರೆ 16 ಹೇಗೆ ಬಂತು, ಮುಂದಿನ ಸಲ ಏನು ಮಾಡಬೇಕು ಎಂಬುದನ್ನು ಬ್ಯಾಟ್ ಹೇಳುವುದಿಲ್ಲ. ಅವನಿಗೆ ಅದರಿಂದ ಗೊತ್ತಾದದ್ದು ಒಂದೇ: 16 ಬಂದರೆ ಅಪ್ಪ ನಗುತ್ತಾನೆ. ಮುಂದಿನ ಸಲ 11 ಬಂದಾಗ ಅವನು ಹೆದರದೇ ಇರುತ್ತಾನಾ?

ಪ್ರೋತ್ಸಾಹ ಅಂದರೆ ಏನು ಅಂತ ಬಾಯಲ್ಲಿ ಹೇಳುವುದಕ್ಕಿಂತ ನಿಮ್ಮ 612ರ ಲೆಕ್ಕದಲ್ಲೇ ತೋರಿಸುತ್ತೇನೆ. ಪತ್ರ ಓದಿದ ತಕ್ಷಣ ನಾನು ಪೆನ್ಸಿಲ್ ತೆಗೆದುಕೊಂಡು ಅವನ ಹಾಗೆ ಬರೆದು ನೋಡಿದೆ. ಆರೊಂದಲೆ ಆರು. ಮೇಲೆ 1 ಬರೆದ. ಸರಿ. ಮುಂದಿನ 1 ಇಳಿಸಿಕೊಂಡ. ಸರಿ. ಒಂದರಲ್ಲಿ ಆರು ಹೋಗುವುದಿಲ್ಲ ಅಂತ ಗೊತ್ತಾಯಿತು. ಅದೂ ಸರಿ. 2 ಇಳಿಸಿಕೊಂಡ, 12 ಆಯಿತು. ಆರೆರಡಲೆ ಹನ್ನೆರಡು. ಮೇಲೆ 2 ಬರೆದ. ಸರಿ. ಉತ್ತರ 12. ನೋಡಿದಿರಾ? ಐದು ಹೆಜ್ಜೆ ಸರಿ ಇದೆ. ಬಿಟ್ಟದ್ದು ಒಂದೇ, 'ಆರು ಹೋಗಲಿಲ್ಲ' ಎಂಬುದನ್ನು ಸೊನ್ನೆ ಹಾಕಿ ಬರೆದಿಡಬೇಕಿತ್ತು. ಹೋಗದೇ ಇದ್ದದ್ದನ್ನು ಯಾಕೆ ಬರೆಯಬೇಕು? ಅವನ ದೃಷ್ಟಿಯಲ್ಲಿ ಅದು ನ್ಯಾಯವೇ. ಗಣಿತ ಕಲಿಸುವ ಯಾವ ಮೇಷ್ಟ್ರನ್ನಾದರೂ ಕೇಳಿ, ಮಕ್ಕಳು ಬಹಳ ಎಡವುವ ಜಾಗ ಇದು ಅನ್ನುತ್ತಾರೆ. ಇದು ಗಮನವಿಲ್ಲದ್ದಕ್ಕೆ ಆದ ತಪ್ಪಲ್ಲ, ಸೋಮಾರಿತನವಂತೂ ಅಲ್ಲವೇ ಅಲ್ಲ. ಅದಕ್ಕೇ ಹತ್ತು ಸಲ ಹೇಳಿದರೂ ಹತ್ತೂ ಸಲ ಅದೇ ತಪ್ಪು ಬಂತು. ಗಮನವಿಲ್ಲದವನು ಸಲಕ್ಕೊಂದು ಹೊಸ ತಪ್ಪು ಮಾಡುತ್ತಾನೆ.

ಈಗ ಗಲ್ಲಾದಿಂದ 612 ರೂಪಾಯಿ ತೆಗೆಯಿರಿ. ನೂರರ ಆರು ನೋಟು, ಹತ್ತರ ಒಂದು ನೋಟು, ಒಂದು ರೂಪಾಯಿಯ ಎರಡು ನಾಣ್ಯ. ಮಗನನ್ನೇ ಕ್ಯಾಷಿಯರ್ ಮಾಡಿ. ಹಂಚಬೇಕಾದದ್ದು ಆರು ಜನಕ್ಕೆ: ಅಪ್ಪ, ಅಮ್ಮ, ಅಜ್ಜಿ, ಅವನು, ಅಂಗಡಿಯ ಇಬ್ಬರು ಹುಡುಗರು. ನೂರರ ನೋಟು ತಲಾ ಒಂದು ಬಂತು. ಹತ್ತರ ನೋಟು ಒಂದೇ ಇದೆ, ಆರು ಜನಕ್ಕೆ ಹೆಂಗ್ ಹಂಚ್ತಿ? 'ಆಗಂಗಿಲ್ಲಪ್ಪಾ' ಅನ್ನುತ್ತಾನೆ. ಹಂಗಾದ್ರೆ ಒಬ್ಬೊಬ್ಬರಿಗೆ ಹತ್ತರ ನೋಟು ಎಷ್ಟು ಬಂತು? ಒಂದೂ ಇಲ್ಲ. ಅಲ್ಲಿ ಸೊನ್ನೆ. ಹತ್ತನ್ನು ಚಿಲ್ಲರೆ ಮಾಡಿಸಿದರೆ ಹತ್ತು ನಾಣ್ಯ, ಮೊದಲಿನ ಎರಡು ಸೇರಿ ಹನ್ನೆರಡು. ತಲಾ ಎರಡು. ನೂರು, ಸೊನ್ನೆ ಹತ್ತು, ಎರಡು. 102. ಆಮೇಲೆ ಒಂದೇ ಪ್ರಶ್ನೆ ಕೇಳಿ: 'ಆರು ನೂರು ರೂಪಾಯಿ ಆರು ಜನಕ್ಕೆ ಹಂಚಿದ್ರೆ ಒಬ್ಬನಿಗೆ ಬರೇ ಹನ್ನೆರಡು ಬರಾಕ ಸಾಧ್ಯ ಐತೇನು?' ಅವನೇ ನಗುತ್ತಾನೆ.

ಇಲ್ಲಿ ನೀವು ಆಡಬೇಕಾದ ಹೊಗಳಿಕೆಯ ಮಾತು 'ಶಭಾಷ್, ಜಾಣ' ಅಲ್ಲ. 'ಒಂದರಾಗ ಆರು ಹೋಗಂಗಿಲ್ಲ ಅಂತ ಕಂಡುಹಿಡಿದು ಮುಂದಿನ ಅಂಕಿ ಇಳಿಸಿದಿ ನೋಡು, ಅದು ಕರೆಕ್ಟ್.' ಅವನು ಏನು ಮಾಡಿದ ಎಂಬುದನ್ನು ಕಂಡು, ಅದನ್ನೇ ಹೆಸರು ಹಿಡಿದು ಹೇಳುವುದು. ಕಂಡರೆ ಮಾತ್ರ ಹೇಳುವುದು. ಕಾಣದೇ ಇದ್ದರೆ ಸುಮ್ಮನಿರಿ, ಮಕ್ಕಳು ಬಾಯುಪಚಾರದ ಹೊಗಳಿಕೆಯನ್ನು ಗಿರಾಕಿಗಿಂತ ಬೇಗ ಪತ್ತೆ ಹಚ್ಚುತ್ತಾರೆ.

ಇದು ನಿಮಗೆ ಬರದ ವಿದ್ಯೆ ಏನಲ್ಲ. ಅಂಗಡಿಯ ಹುಡುಗರ ಬಗ್ಗೆ ನೀವು ಒಂದು ಸಾಲು ಬರೆದಿದ್ದೀರಿ, ಅದನ್ನು ನಾನು ಎರಡು ಸಲ ಓದಿದೆ. ಹೊಸದಾಗಿ ಸೇರಿದ ಹುಡುಗ ಗೋವಿನಜೋಳದ ಬೀಜದ ಪಾಕೀಟಿನ ಬಿಲ್ ತಪ್ಪು ಬರೆದರೆ ಏನು ಮಾಡುತ್ತೀರಿ? 'ಇಲ್ನೋಡು, ಇಲ್ಲಿ ತಪ್ಪಿದಿ' ಅಂತ ತೋರಿಸುತ್ತೀರಿ. ಮರುದಿನ ಸರಿ ಬರೆದರೆ 'ಹಾಂ, ಹಿಂಗ' ಅನ್ನುತ್ತೀರಿ. ಅಷ್ಟೇ ಬೇಕಾದದ್ದು. ಅವನ ಮುಂದೆ ಸಿಟ್ಟು ಬರುವುದಿಲ್ಲ, ಯಾಕೆಂದರೆ ಅವನ ತಪ್ಪಿನಿಂದ ನಿಮಗೆ ಹೆದರಿಕೆ ಇಲ್ಲ. ಮಗ 12 ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಐದನೇ ತರಗತಿ ಕಾಣುವುದಿಲ್ಲ. ಎಸ್ಸೆಸ್ಸೆಲ್ಸಿ ಫೇಲ್, ಕೆಲಸ ಇಲ್ಲ, ಜನ ಏನಂತಾರೆ, ಎಲ್ಲ ಒಂದೇ ಸಲ ಕಾಣುತ್ತದೆ. ಹೆದರಿಕೆ ಅವನಿಗೆ ಮಾತ್ರ ಅಲ್ಲ, ನಿಮಗೂ ಇದೆ. ನಿಮ್ಮದು ಸಿಟ್ಟಾಗಿ ಹೊರಗೆ ಬರುತ್ತದೆ. ಜೊತೆಗೆ ಇಡೀ ದಿನ ನಿಂತು ಕಾಲು ನೋವು, ವಸೂಲಾಗದ ಉದ್ರಿ, ಹೊಟ್ಟೆ ಹಸಿವು. ಎಂಟೂವರೆ ಭಾಗಾಕಾರಕ್ಕೆ ಒಳ್ಳೆಯ ಮುಹೂರ್ತ ಅಲ್ಲ.

ಹಾಗಾದರೆ ಮುಂದೇನು? ದಾರಿಗಳು ಕೆಲವು ಇವೆ, ಒಂದೊಂದಕ್ಕೂ ಅದರದೇ ತೊಂದರೆ ಇದೆ.

ಹೀಗೇ ಮುಂದುವರಿಸುವುದು ಒಂದು. ಇನ್ನು ನಾಲ್ಕು ವರ್ಷಕ್ಕೆ ಅವನು ನಿಮ್ಮ ಎತ್ತರ ಬರುತ್ತಾನೆ. ಆಗ ಏಟು ನಾಟುವುದಿಲ್ಲ, ಕೈ ಹಿಡಿಯುತ್ತಾನೆ. ಅಷ್ಟರಲ್ಲಿ ಹೆದರಿಸುವುದು ಬಿಟ್ಟು ಬೇರೆ ದಾರಿ ನಿಮ್ಮಿಬ್ಬರ ನಡುವೆ ಬೆಳೆದಿರುವುದಿಲ್ಲ. ಹದಿನಾಲ್ಕರ ಹುಡುಗರ ಅಪ್ಪಂದಿರು ನನ್ನ ಹತ್ತಿರ ಬರುವುದು ಹೆಚ್ಚಾಗಿ ಆ ಹಂತದಲ್ಲಿ.

ಟ್ಯೂಷನ್‌ಗೆ ಹಾಕುವುದು ಇನ್ನೊಂದು. ಅನೇಕ ಮನೆಗಳಿಗೆ ನಾನೇ ಇದನ್ನು ಹೇಳುತ್ತೇನೆ. ಲೆಕ್ಕ ಬೇರೆಯವರು ಕಲಿಸಲಿ, ನೀವು ಬರೀ ಅಪ್ಪನಾಗಿರಿ. ಆದರೆ ಕೇಳದೆ ಹಾಕಬೇಡಿ, ಟ್ಯೂಷನ್ನಿನಲ್ಲೂ ಕೋಲು ಇರಬಹುದು. 'ನಮ್ಮ ಹುಡುಗನಿಗೆ ಹೊಡೆಯಬೇಡಿ' ಎಂದು ಬಾಯಿಬಿಟ್ಟು ಹೇಳಿ.

ಹಾಗೆಯೇ ಶಾಲೆಗೆ ಹೋಗಿ, ಟೀಚರಿಗೆ ಹೇಳಿದ 'ನಾಲ್ಕು ಬಿಗೀರಿ' ಮಾತನ್ನು ವಾಪಸ್ ತೆಗೆದುಕೊಳ್ಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಶಾಲೆಯಲ್ಲಿ ಹೊಡೆಯುವುದನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2010ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ತಂದೆ ತಾಯಿ ಒಪ್ಪಿದರೆ ಹೊಡೆಯಬಹುದು ಎಂದು ಅದರಲ್ಲಿ ಎಲ್ಲೂ ಇಲ್ಲ. ನಿಮ್ಮ ಮಾತು ಕೇಳಿ ಆ ಟೀಚರ್ ಕೈ ಎತ್ತಿದರೆ ಕೆಲಸಕ್ಕೆ ಕುತ್ತು ಬರುವುದು ಅವರಿಗೆ.

ಹೊಡೆಯುವುದು ಬಿಟ್ಟು ಮಾತೇ ಬಿಡುವುದು ಕೆಲವರ ದಾರಿ. 'ನಾನು ಕೈ ಮಾಡಿಲ್ಲ, ಮೂರು ದಿನ ಮಾತಾಡಿಸಿಲ್ಲ ಅಷ್ಟೇ' ಅನ್ನುತ್ತಾರೆ ಹೆಮ್ಮೆಯಿಂದ. ಹತ್ತು ವರ್ಷದ ಮಗುವಿಗೆ ಅದು ಏಟಿಗಿಂತ ಸಣ್ಣದು ಅಂದುಕೊಳ್ಳಬೇಡಿ.

ನಾನು ಹೇಳುವ ದಾರಿ ಇದು. ರಾತ್ರಿಯ ಪಾಠ ನಿಲ್ಲಿಸಿ. ಬೆಳಗ್ಗೆ ಅಂಗಡಿಗೆ ಹೋಗುವ ಮುಂಚೆ ಇಪ್ಪತ್ತೇ ನಿಮಿಷ, ಗಡಿಯಾರ ನೋಡಿಕೊಂಡು. ನಾಲ್ಕು ಲೆಕ್ಕ ಸಾಕು. ಮೊದಲ ಎರಡು ಅವನಿಗೆ ಖಂಡಿತ ಬರುವಂಥದ್ದು ಇರಲಿ. ತಪ್ಪಾದರೆ 'ಹೆಂಗ್ ಮಾಡಿದಿ, ನನಗ ಹೇಳು' ಅನ್ನಿ. ಅವನು ಹೇಳುತ್ತಾ ಹೋದ ಹಾಗೆ ತಪ್ಪು ಎಲ್ಲಿದೆ ಅಂತ ನಿಮಗೆ ಕಾಣುತ್ತದೆ, ಅನೇಕ ಸಲ ಅವನಿಗೂ ಕಾಣುತ್ತದೆ. ಇಪ್ಪತ್ತು ನಿಮಿಷ ಆದ ಮೇಲೆ ಲೆಕ್ಕ ಅರ್ಧ ಆಗಿದ್ದರೂ ಎದ್ದುಬಿಡಿ. ಬೀಜ, ಗಿಡ, ನೀರು ಅಂತ ಹೋಲಿಕೆ ಕೊಡುವುದಿಲ್ಲ. ನಿಮ್ಮ ವ್ಯಾಪಾರವೇ ಅದು, ಸಾಕಷ್ಟು ಕೇಳಿರುತ್ತೀರಿ.

ಇದರ ತೊಂದರೆಗಳನ್ನೂ ಕೇಳಿ. ಮೊದಲ ಎರಡು ಮೂರು ವಾರ ಅವನು ನಂಬುವುದಿಲ್ಲ. ಅಪ್ಪ ಇವತ್ತು ಯಾಕೆ ಇಷ್ಟು ಮೆತ್ತಗೆ ಇದ್ದಾನೆ ಅಂತ ಇನ್ನೂ ಹುಷಾರಾಗುತ್ತಾನೆ. ಕೆಲವು ಮಕ್ಕಳು ಬೇಕಂತಲೇ ಕೆಣಕಿ ನೋಡುತ್ತಾರೆ. ಹೆದರಿಕೆಯಿಂದ ಮಾಡುತ್ತಿದ್ದ ಅಷ್ಟಿಷ್ಟು ಕೆಲಸವೂ ನಿಲ್ಲಬಹುದು, ಮುಂದಿನ ಟೆಸ್ಟಿನಲ್ಲಿ 9 ಬರಬಹುದು. ಆಗ ಎಲ್ಲರೂ 'ನಾವು ಹೇಳಲಿಲ್ಲವಾ' ಅನ್ನುತ್ತಾರೆ. ಹುಣಸೆ ಬೀಜದ ಆಟ ನೆನಪಿಸಿಕೊಳ್ಳಿ.

ಹೊಡೆಯಬೇಡಿ ಅಂದರೆ ಏನೂ ಅನ್ನಬೇಡಿ ಅಂತಲ್ಲ. ನಿಯಮ ಇರಲಿ, ಕಡಿಮೆ ಇರಲಿ, ಮೊದಲೇ ಹೇಳಿರಲಿ. ಹೋಂವರ್ಕ್ ಮುಗಿಯದೆ ಮೊಬೈಲ್ ಇಲ್ಲ ಅಂದರೆ ಇಲ್ಲ, ಅಜ್ಜಿ ಕೇಳಿದರೂ ಇಲ್ಲ. ಅದನ್ನು ಕೂಗದೇ ಹೇಳಬಹುದು. ನಿಮ್ಮ ತಾಯಿಯವರ ಮೇಲೆ ಸಿಟ್ಟು ಬೇಡ. ಅವರು ನಡುವೆ ಬರುವುದು ಮುದ್ದಿಗಲ್ಲ, ಬಾಸುಂಡೆ ನೋಡಿ. ಕೈ ಎತ್ತುವುದು ನಿಂತರೆ ಅವರ ಬರುವಿಕೆಯೂ ಕಡಿಮೆಯಾಗುತ್ತದೆ.

ನೀವು ಒಂದಲ್ಲ ಒಂದು ದಿನ ಮತ್ತೆ ಕೈ ಎತ್ತುತ್ತೀರಿ. ಶಾಪ ಅಲ್ಲ, ಅನುಭವದಿಂದ ಹೇಳುತ್ತಿದ್ದೇನೆ. ಇದೇ ಕೆಲಸ ಮಾಡುವ ನಾನೂ ನನ್ನ ಮಗಳಿಗೆ ಒಮ್ಮೆ ಹಿಂದಿ ಉಕ್ತಲೇಖನಕ್ಕೆ ಕೆನ್ನೆಗೆ ಹೊಡೆದಿದ್ದೇನೆ. ಅವಳಿಗೆ ಆಗ ಎಂಟು ವರ್ಷ. ಶಬ್ದ ಯಾವುದು ಅಂತ ನನಗೆ ನೆನಪಿಲ್ಲ. ಅವಳಿಗೆ ನೆನಪಿದೆ. ಹಾಗಾದ ದಿನ ಹೋಗಿ 'ನಾನು ಹೊಡೆದದ್ದು ತಪ್ಪು' ಅನ್ನಿ. 'ಆದರೆ ನೀನೂ...' ಅಂತ ಮುಂದುವರಿಸಬೇಡಿ, ಅಲ್ಲಿಗೇ ನಿಲ್ಲಿಸಿ. ಸಿಟ್ಟು ಬರುವ ಮುಂಚೆ ಒಂದು ಸೂಚನೆ ಇರುತ್ತದೆ. ನಿಮ್ಮ ಬಾಯಲ್ಲಿ 'ಎಷ್ಟು ಸಲ ಹೇಳಬೇಕು' ಬಂದ ಕೂಡಲೇ ಎದ್ದು ಹೊರಗೆ ಹೋಗಿ. ನೀರು ಕುಡಿಯಿರಿ. ಅವತ್ತಿಗೆ ಪಾಠ ಮುಗಿಯಿತು. ಅಂಗಡಿಯಲ್ಲೂ ಮನೆಯಲ್ಲೂ ಸಿಟ್ಟು ಕೈಮೀರುತ್ತಿದೆ, ನಿದ್ದೆ ಬರುತ್ತಿಲ್ಲ ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ. ನಂಬರ್ 14416. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಒಂದು ಪರೀಕ್ಷೆ ಮರೆಯಬೇಡಿ. ಅವನ ಕಣ್ಣು ತೋರಿಸಿ. ಬೋರ್ಡ್ ಕಾಣದ ಮಕ್ಕಳು ದಡ್ಡರೆಂದು ಹೆಸರು ಪಡೆದದ್ದನ್ನು ಬಹಳ ನೋಡಿದ್ದೇನೆ. ಕಣ್ಣು ಸರಿ ಇದ್ದು, ಎರಡು ಮೂರು ತಿಂಗಳು ಸಮಾಧಾನದಿಂದ ಕಲಿಸಿದರೂ ಅಂಕಿಗಳು ಅದಲುಬದಲಾಗುತ್ತಿದ್ದರೆ, ಓದುವಾಗಲೂ ಅಕ್ಷರ ತಪ್ಪುತ್ತಿದ್ದರೆ ಕಲಿಕಾ ನ್ಯೂನತೆ ಇದೆಯೇ ಎಂದು ನೋಡಿಸಬೇಕು. ಅದಕ್ಕೆ ಧಾರವಾಡದ ಡಿಮ್ಹಾನ್ಸ್, ಇಲ್ಲವೇ ಬೆಂಗಳೂರಿನ ನಿಮ್ಹಾನ್ಸ್ ಇವೆ, ಎರಡೂ ಸರ್ಕಾರದ ಮಾನಸಿಕ ಆರೋಗ್ಯ ಆಸ್ಪತ್ರೆಗಳು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿರುವ 21 ನ್ಯೂನತೆಗಳಲ್ಲಿ ಕಲಿಕಾ ನ್ಯೂನತೆಯೂ ಒಂದು. ಪತ್ರದಲ್ಲಿ ಬರೆದಷ್ಟು ನೋಡಿದರೆ ನಿಮ್ಮ ಮಗನಿಗೆ ಹಾಗಿದೆ ಅಂತ ನನಗೆ ಅನ್ನಿಸುವುದಿಲ್ಲ. ಆ ಐದು ಸರಿ ಹೆಜ್ಜೆಗಳು ಹಾಗೆ ಹೇಳುವುದಿಲ್ಲ.

ಕಡೆಗೆ ಆ ಡೈರಿ. ಸಹಿಯ ಬಗ್ಗೆ ನೀವು ಅವನನ್ನು ಇನ್ನೂ ಕೇಳಿದಿರೋ ಇಲ್ಲವೋ ಬರೆದಿಲ್ಲ. 'ನೀನೇ ಹಾಕಿದ್ದಾ?' ಅಂತ ಕೇಳಬೇಡಿ. ಉತ್ತರ ಗೊತ್ತಿದ್ದೂ ಕೇಳಿದರೆ ಇನ್ನೊಂದು ಸುಳ್ಳಿಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ. 'ನನ್ನ ಸಹಿ ನೀನು ಹಾಕಿದ್ದು ನೋಡಿದೆ. ನನಗೆ ಹೆದರಿ ಹಾಕಿದ್ದೀಯ ಅಂತ ಗೊತ್ತಾಯಿತು. ಇನ್ಮೇಲೆ ಡೈರಿಯಲ್ಲಿ ಏನೇ ಬರೆದಿರಲಿ, ಅದಕ್ಕೆ ಹೊಡೆಯಲ್ಲ. ಸಹಿ ಮಾತ್ರ ನಾನೇ ಹಾಕಬೇಕು' ಅನ್ನಿ. ಹೇಳಿದ ಮೇಲೆ ಆ ಮಾತಿಗೆ ನಿಲ್ಲಬೇಕು. ಟೀಚರ್ ಕೆಂಪು ಇಂಕಿನಲ್ಲಿ ಅರ್ಧ ಪುಟ ಬರೆದಿದ್ದರೂ ಸರಿ, ಮೊದಲು ಸಹಿ, ಆಮೇಲೆ ಮಾತು.

ಆರು ವಾರ ಬಿಟ್ಟು ನನಗೆ ಇನ್ನೊಂದು ಪತ್ರ ಬರೆಯಿರಿ. ಅಂಕ ಬರೆಯಬೇಡಿ. ಡೈರಿಯನ್ನು ಅವನಾಗಿಯೇ ಎಷ್ಟು ಸಲ ತಂದು ಕೊಟ್ಟ, ಅಷ್ಟು ಬರೆಯಿರಿ ಸಾಕು.